ಬೀಸುವ ದೊಣ್ಣೆಯೂ ನಕ್ಷತ್ರದ ದಾರಿಯೂ

ಸಭಿಕರಿಗೆ ವಂದನೆಗಳು.

ನಕ್ಷತ್ರಗಳ ನಡುವೆ ಸಂಚರಿಸುವ ನಾಗರಿಕತೆಯಾಗುವ ತನಕ ಮಾನವಕುಲ ಬದುಕಿ ಉಳಿದೀತೇ ಎಂಬುದು ಇಂದಿನ ವಿಷಯ. ಈ ಪ್ರಶ್ನೆ ಕೇಳಿದೊಡನೆ ಮನಸ್ಸು ರಾಕೆಟ್ಟುಗಳ ಕಡೆಗೆ ಓಡುತ್ತದೆ. ಮೊದಲು ಕಾಲದ ಲೆಕ್ಕವನ್ನು ನೋಡೋಣ ಎಂಬುದು ನನ್ನ ಕೋರಿಕೆ.

1977ರಲ್ಲಿ ಹೊರಟ ವಾಯೇಜರ್-1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೂರ್ಯನಿಂದ ದೂರ ಸರಿಯುತ್ತಿದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, ಅದು 4.24 ಜ್ಯೋತಿರ್ವರ್ಷಗಳ ದೂರದಲ್ಲಿದೆ, ಅಂದರೆ ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು 4.24 ವರ್ಷ ಬೇಕು. ನೌಕೆ ಹೋಗುತ್ತಿರುವುದು ಆ ದಿಕ್ಕಿಗಲ್ಲ, ಹೋಗುತ್ತಿದ್ದರೂ ಅಲ್ಲಿಗೆ ಮುಟ್ಟಲು 70,000 ವರ್ಷಗಳಿಗೂ ಹೆಚ್ಚು ಕಾಲ ಬೇಕಾಗುತ್ತಿತ್ತು. ಮನುಷ್ಯ ಬರೆಯಲು ಕಲಿತು ಇನ್ನೂ ಐದು ಸಾವಿರ ವರ್ಷಗಳಷ್ಟೇ ಆಗಿವೆ. ವೇಗವನ್ನು ನೂರು ಪಟ್ಟು ಹೆಚ್ಚಿಸಿದರೂ ಒಂದು ಪಯಣಕ್ಕೆ ಏಳೆಂಟು ಶತಮಾನ ಹಿಡಿಯುತ್ತದೆ, ಮತ್ತು ಅಂಥ ನೌಕೆಯನ್ನು ಕಟ್ಟಬಲ್ಲ ಸ್ಥಿತಿಗೆ ಬರಲು ಇನ್ನೆಷ್ಟು ಶತಮಾನ ಬೇಕೋ, ಅದೆಲ್ಲವನ್ನೂ ನಾವು ಒಂದೇ ಗ್ರಹದ ಮೇಲೆ ಜಗಳವಾಡುತ್ತಲೇ ಕಳೆಯಬೇಕು.

ಪ್ರಕೃತಿಯಿಂದ ಬರುವ ಅಪಾಯಗಳ ಬಗ್ಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 6.6 ಕೋಟಿ ವರ್ಷಗಳ ಹಿಂದೆ ಈಗಿನ ಮೆಕ್ಸಿಕೋದ ಯುಕಟಾನ್ ಬಳಿ ಬಿದ್ದ, ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹದಂಥದ್ದು ತೀರ ಅಪರೂಪಕ್ಕೆ ಬರುವ ಅತಿಥಿ. ನಮ್ಮ ಪ್ರಭೇದ ಸುಮಾರು 3 ಲಕ್ಷ ವರ್ಷಗಳಿಂದ ಉಳಿದುಬಂದಿದೆ ಎಂಬುದೇ, ಒಂದು ಶತಮಾನದ ಮಟ್ಟಿಗೆ ಪ್ರಕೃತಿಯ ಕಡೆಯ ಅಪಾಯ ಚಿಕ್ಕದೆಂದು ಹೇಳುತ್ತದೆ. ಅಳಿದವರು ಲೆಕ್ಕ ಹಾಕಲು ಉಳಿದಿರುವುದಿಲ್ಲವಲ್ಲ ಎಂದು ನೀವು ತಕರಾರು ತೆಗೆಯಬಹುದು, ಅದು ನ್ಯಾಯವಾದದ್ದೇ. ಆದರೆ ಸಸ್ತನಿ ಪ್ರಭೇದವೊಂದರ ಸರಾಸರಿ ಆಯುಸ್ಸು ಹತ್ತು ಲಕ್ಷ ವರ್ಷಗಳ ಆಸುಪಾಸಿನಲ್ಲಿದೆ ಎಂಬ ಪಳೆಯುಳಿಕೆಗಳ ಸಾಕ್ಷ್ಯವೂ ಅದೇ ಉತ್ತರವನ್ನು ಕೊಡುತ್ತದೆ. ಅಲ್ಲದೆ 2022ರ ಸೆಪ್ಟೆಂಬರಿನಲ್ಲಿ ನಾಸಾದ ಡಾರ್ಟ್ ನೌಕೆ ಸುಮಾರು 160 ಮೀಟರ್ ಅಗಲದ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಡಿಕ್ಕಿ ಹೊಡೆದು, ಅದು ತನ್ನ ದೊಡ್ಡ ಜೊತೆಗಾರ ಕ್ಷುದ್ರಗ್ರಹವನ್ನು ಸುತ್ತುವ ಅವಧಿಯನ್ನು ಅರ್ಧ ಗಂಟೆಗೂ ಮೀರಿ ತಗ್ಗಿಸಿತು. ಈ ಒಂದು ಅಪಾಯದ ವಿರುದ್ಧವಾದರೂ ನಮ್ಮ ಕೈ ಸ್ವಲ್ಪ ಆಡತೊಡಗಿದೆ.

ಅಣುಬಾಂಬು ಬಂದ 1945ರಿಂದ ಈಚೆಗೆ ಲೆಕ್ಕ ಬೇರೆಯಾಯಿತು. 1962ರ ಅಕ್ಟೋಬರ್ 27ರಂದು, ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳನ್ನು ಇಟ್ಟದ್ದರಿಂದ ಎದ್ದ ಬಿಕ್ಕಟ್ಟಿನ ನಡುವೆ, ಅಮೆರಿಕದ ಯುದ್ಧನೌಕೆಗಳು ನೀರಿನಡಿ ಸಿಡಿಸುತ್ತಿದ್ದ ಎಚ್ಚರಿಕೆಯ ಸಿಡಿಗುಂಡುಗಳ ಸದ್ದಿಗೆ ಸೋವಿಯತ್ ಜಲಾಂತರ್ಗಾಮಿ ಬಿ-59ರ ನಾಯಕ ಅಣ್ವಸ್ತ್ರ ಟಾರ್ಪಿಡೊ ಹಾರಿಸಲು ಮುಂದಾದನೆಂದೂ, ಅದರಲ್ಲಿದ್ದ ಅಧಿಕಾರಿ ವಸಿಲಿ ಅರ್ಖಿಪೊವ್ ಒಪ್ಪದೆ ತಡೆದನೆಂದೂ ಜೊತೆಗಿದ್ದವರು ಮುಂದೆ ಹೇಳಿದರು. 1983ರ ಸೆಪ್ಟೆಂಬರ್ 26ರಂದು ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆಯೆಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಸಾರಿತು. ಕರ್ತವ್ಯದಲ್ಲಿದ್ದ ಸ್ತಾನಿಸ್ಲಾವ್ ಪೆಟ್ರೊವ್ ಅದು ಯಂತ್ರದ ತಪ್ಪೆಂದು ತೀರ್ಮಾನಿಸಿದ. ಮೋಡಗಳ ಮೇಲೆ ಪ್ರತಿಫಲಿಸಿದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿಯೆಂದು ತಿಳಿದಿತ್ತು. ಎರಡೂ ಸಲ ನಾವು ಉಳಿದದ್ದು ವ್ಯವಸ್ಥೆಯ ಬಲದಿಂದಲ್ಲ, ಆ ಹೊತ್ತಿಗೆ ಅಲ್ಲಿದ್ದ ಒಬ್ಬೊಬ್ಬ ಮನುಷ್ಯನ ವಿವೇಚನೆಯಿಂದ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತದೆ ನಮ್ಮ ಗಾದೆ. ಒಬ್ಬನ ಬದುಕಿಗೆ ಅದು ಸಮಾಧಾನದ ಮಾತು, ಆದರೆ ನಾಗರಿಕತೆಯ ಮೇಲೆ ದೊಣ್ಣೆ ಪ್ರತಿ ವರ್ಷವೂ ಬೀಸುತ್ತದೆ. ನಾಗರಿಕತೆ ಮತ್ತೆ ಏಳಲಾರದಂತೆ ಕುಸಿಯುವ ಸಂಭವ ವರ್ಷಕ್ಕೆ ಸಾವಿರದಲ್ಲಿ ಒಂದು ಎಂದು, ಬರೀ ಲೆಕ್ಕಕ್ಕಾಗಿ, ಹಿಡಿಯೋಣ. ನೂರು ವರ್ಷ ಉಳಿಯುವ ಸಾಧ್ಯತೆ ಶೇ. 90; ಚಿಂತೆ ಇಲ್ಲ ಎನಿಸುತ್ತದೆ. ಸಾವಿರ ವರ್ಷಕ್ಕೆ ಅದು ಶೇ. 37ಕ್ಕೆ ಇಳಿಯುತ್ತದೆ. ಹತ್ತು ಸಾವಿರ ವರ್ಷಕ್ಕೆ ಸುಮಾರು ಇಪ್ಪತ್ತೆರಡು ಸಾವಿರದಲ್ಲಿ ಒಂದು, ಅಂದರೆ ಹೆಚ್ಚುಕಡಿಮೆ ಇಲ್ಲವೆಂದೇ ಅರ್ಥ. ಅಪಾಯ ಎಷ್ಟೇ ಚಿಕ್ಕದಿರಲಿ, ಅದು ಇದ್ದಷ್ಟೇ ಇದ್ದುಬಿಟ್ಟರೆ ಸಾಕು, ಕೊನೆಗೆ ಗೆಲ್ಲುವುದು ಅದೇ.

ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನು ಕಂಡಾಗ ನನಗೆ ಅಚ್ಚರಿಯಾಯಿತು. ವರ್ಷಕ್ಕೆ ಸಾವಿರದಲ್ಲಿ ಒಂದರಿಂದಲೇ ಶುರುಮಾಡಿ, ಪ್ರತಿ ಶತಮಾನಕ್ಕೆ ಅಪಾಯವನ್ನು ಅರ್ಧಕ್ಕೆ ಇಳಿಸುತ್ತ ಹೋದರೆ, ಹತ್ತು ಸಾವಿರ ವರ್ಷವಲ್ಲ, ಎಷ್ಟೇ ಕಾಲವಾದರೂ ಉಳಿಯುವ ಸಾಧ್ಯತೆ ಶೇ. 82ರ ಹತ್ತಿರ ನಿಲ್ಲುತ್ತದೆ. ಅಪಾಯವನ್ನು ಸೊನ್ನೆ ಮಾಡಬೇಕಿಲ್ಲ, ಅದು ಯಾರಿಂದಲೂ ಆಗದ ಕೆಲಸ. ಪ್ರತಿ ತಲೆಮಾರೂ ತನಗೆ ಬಂದದ್ದಕ್ಕಿಂತ ಸ್ವಲ್ಪ ಕಡಿಮೆ ಅಪಾಯವನ್ನು ಮುಂದಿನವರಿಗೆ ದಾಟಿಸಿದರೆ ಸಾಕು.

ತೊಡಕಿರುವುದು ನಕ್ಷತ್ರಯಾನದ ಕನಸಿನಲ್ಲಿಯೇ. ಸಾವಿರ ಟನ್ ತೂಕದ ನೌಕೆಯೊಂದನ್ನು ಬೆಳಕಿನ ವೇಗದ ಹತ್ತನೆಯ ಒಂದು ಭಾಗಕ್ಕೆ ಒಯ್ಯಬೇಕೆಂದುಕೊಳ್ಳಿ. ಆಗ ಅದರಲ್ಲಿ ಅಡಗಿರುವ ಚಲನಶಕ್ತಿ ಈಗ ಇಡೀ ಜಗತ್ತು ಒಂದು ವರ್ಷದಲ್ಲಿ ಬಳಸುವ ಒಟ್ಟು ಶಕ್ತಿಯ ಮುಕ್ಕಾಲು ಪಾಲಿನಷ್ಟು; ಸ್ಫೋಟದ ಭಾಷೆಯಲ್ಲಿ ಒಂದು ಲಕ್ಷ ಮೆಗಾಟನ್ನಿಗೂ ಹೆಚ್ಚು (ಒಂದು ಮೆಗಾಟನ್ ಎಂದರೆ ಹತ್ತು ಲಕ್ಷ ಟನ್ ಟಿಎನ್‌ಟಿ ಸಿಡಿಮದ್ದಿನ ಶಕ್ತಿ). ಭೂಮಿಯ ಮೇಲಿನ ಎಲ್ಲ ಅಣ್ವಸ್ತ್ರಗಳನ್ನು ಒಟ್ಟುಗೂಡಿಸಿದರೂ ಅದರ ಹತ್ತಿರ ಬರುವುದಿಲ್ಲ. ಅಂಥ ನೌಕೆಯನ್ನು ಹಾರಿಸಬಲ್ಲ ಸಮಾಜದ ಕೈಯಲ್ಲಿ, ಅದು ಬಯಸಲಿ ಬಿಡಲಿ, ಗ್ರಹವನ್ನು ಸುಡಬಲ್ಲ ಆಯುಧವೂ ಇರುತ್ತದೆ. ಕ್ಷುದ್ರಗ್ರಹವನ್ನು ಭೂಮಿಯಿಂದಾಚೆಗೆ ತಿರುಗಿಸಬಲ್ಲವನು ಭೂಮಿಯ ಕಡೆಗೂ ತಿರುಗಿಸಬಲ್ಲ. ನಕ್ಷತ್ರದ ದಾರಿ ಅಪಾಯವನ್ನು ತಾನಾಗಿ ಇಳಿಸುವುದಿಲ್ಲ, ಏರಿಸುತ್ತದೆ. ನಾವು ಅದನ್ನು ಅರ್ಧಕ್ಕಿಳಿಸಬೇಕಾದದ್ದು ಈ ಏರಿಕೆಯ ನಡುವೆಯೇ.

ಮಂಗಳ ಗ್ರಹದಲ್ಲಿ ಎರಡನೆಯ ಮನೆ ಮಾಡಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬ ವಾದವನ್ನು ನಾನು ಅರ್ಧದಷ್ಟೇ ಒಪ್ಪುತ್ತೇನೆ. ಒಂದಕ್ಕೊಂದು ನೆರವಾಗದೆಯೂ ಬದುಕಬಲ್ಲ ನೆಲೆಗಳು ಹಲವಿದ್ದರೆ ಎಲ್ಲವೂ ಒಟ್ಟಿಗೆ ಅಳಿಯುವ ಸಂಭವ ಬಹಳ ಕಡಿಮೆಯಾಗುತ್ತದೆ ಎಂಬುದು ನಿಜ. ಭಾರವೆಲ್ಲ ಬೀಳುವುದು 'ನೆರವಾಗದೆಯೂ' ಎಂಬ ಮಾತಿನ ಮೇಲೆ. ಅಮೆರಿಕದ ಅರಿಜೋನಾದಲ್ಲಿ 1991ರಲ್ಲಿ ಎಂಟು ಮಂದಿ ಬಯೋಸ್ಫಿಯರ್-2 ಎಂಬ, ಒಂದೂಕಾಲು ಹೆಕ್ಟೇರಿನ ಗಾಜಿನ ಲೋಕದೊಳಗೆ ಎರಡು ವರ್ಷ ವಾಸಿಸಲು ಹೋದರು. ಹದಿನಾರು ತಿಂಗಳಲ್ಲಿ ಒಳಗಿನ ಗಾಳಿಯ ಆಮ್ಲಜನಕ ಶೇ. 21ರ ಹತ್ತಿರದಿಂದ ಸುಮಾರು 14ಕ್ಕೆ ಇಳಿಯಿತು. ಫಲವತ್ತಾಗಿರಲೆಂದು ತುಂಬಿದ್ದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಹೀರುತ್ತಿದ್ದವು. ಅವು ಬಿಡುತ್ತಿದ್ದ ಇಂಗಾಲದ ಡೈಆಕ್ಸೈಡನ್ನು ಕಟ್ಟಡದ ಕಾಂಕ್ರೀಟು ಹೀರಿಕೊಳ್ಳುತ್ತಿದ್ದುದರಿಂದ ಕಾರಣ ಬೇಗ ಹೊಳೆಯಲಿಲ್ಲ. ಕೊನೆಗೆ ಹೊರಗಿನಿಂದ ಆಮ್ಲಜನಕವನ್ನು ತುಂಬಬೇಕಾಯಿತು. ಮಂಗಳದಲ್ಲಾಗಿದ್ದರೆ 'ಹೊರಗೆ' ಇರುವುದು ಭೂಮಿಯ ಒತ್ತಡದ ಶೇ. 1ಕ್ಕಿಂತ ಕಡಿಮೆ ಒತ್ತಡದ, ಬಹುಪಾಲು ಇಂಗಾಲದ ಡೈಆಕ್ಸೈಡೇ ಆದ ವಾತಾವರಣ, ಮತ್ತು ಭೂಮಿಯಿಂದ ನೆರವು ಹೊರಡಲು ಅನುಕೂಲ ಒದಗುವುದು 26 ತಿಂಗಳಿಗೊಮ್ಮೆ. ಮುಚ್ಚಿದ ಕೋಣೆಯನ್ನು ಹದವಾಗಿ ಇಟ್ಟುಕೊಳ್ಳುವ ವಿದ್ಯೆ ನಮಗಿನ್ನೂ ಬಂದಿಲ್ಲ, ಭೂಮಿ ಎಂಬ ದೊಡ್ಡ ಕೋಣೆಯ ವಿಷಯದಲ್ಲೂ ಅಷ್ಟೇ. ಇಲ್ಲಿ ಇಂಗಾಲದ ಡೈಆಕ್ಸೈಡು ಕೈಗಾರಿಕಾ ಯುಗಕ್ಕೆ ಮುಂಚಿನ ಹತ್ತು ಲಕ್ಷಕ್ಕೆ 280 ಭಾಗದಿಂದ 420ನ್ನು ದಾಟಿದೆ.

1950ರಲ್ಲಿ ಅಮೆರಿಕದ ಲಾಸ್ ಅಲಮಾಸ್‌ನಲ್ಲಿ ಊಟದ ಮಧ್ಯೆ ಭೌತವಿಜ್ಞಾನಿ ಎನ್ರಿಕೊ ಫರ್ಮಿ, ಅನ್ಯಲೋಕದವರಿದ್ದರೆ ಎಲ್ಲಿದ್ದಾರೆ ಎಂದು ಕೇಳಿದ್ದನ್ನು ನೀವು ಬಲ್ಲಿರಿ. ಉಳಿದ ನಾಗರಿಕತೆಗಳು ನಕ್ಷತ್ರಗಳನ್ನು ಮುಟ್ಟುವ ಮೊದಲೇ ಅಳಿದಿರಬೇಕೆಂದು, ಆಕಾಶದ ಮೌನವನ್ನು ನಮ್ಮ ಭವಿಷ್ಯದ ಜಾತಕವೆಂದು ಓದುವವರಿದ್ದಾರೆ. ಒಂದೇ ಒಂದು ಉದಾಹರಣೆ ಗೊತ್ತಿರುವಾಗ ಅಷ್ಟು ಧೈರ್ಯವಾಗಿ ಭವಿಷ್ಯ ನುಡಿಯಲು ನಾನಂತೂ ಸಿದ್ಧನಿಲ್ಲ.

ಅಪಾಯ ಇಳಿಸಿದ ದಾಖಲೆ ನಮಗಿದೆಯೇ? ಇದೆ, ಅಪೂರ್ಣವಾಗಿ. 1986ರ ಹೊತ್ತಿಗೆ 70,000ದ ಸಮೀಪ ಇದ್ದ ಅಣ್ವಸ್ತ್ರ ಸಿಡಿತಲೆಗಳು ಈಗ 12,000ದ ಆಸುಪಾಸಿನಲ್ಲಿವೆ. ಓಜೋನ್ ಪದರವನ್ನು ತಿನ್ನುತ್ತಿದ್ದ ರಾಸಾಯನಿಕಗಳನ್ನು 1987ರ ಮಾಂಟ್ರಿಯಲ್ ಒಪ್ಪಂದ ಹಿಮ್ಮೆಟ್ಟಿಸಿತು. ಸಿಡುಬು ಅಳಿಯಿತೆಂದು 1980ರಲ್ಲಿ ಘೋಷಣೆಯಾಯಿತು. ಇವುಗಳಲ್ಲಿ ಯಾವುದೂ ಒಂದು ಚುನಾವಣೆಯ ಅವಧಿಯಲ್ಲಿ ಮುಗಿದ ಕೆಲಸವಲ್ಲ. ನನ್ನ ಆತಂಕವಿರುವುದು ಬುದ್ಧಿಯ ಬಗ್ಗೆಗಿಂತ ಈ ಉದ್ದದ ಬಗ್ಗೆ: ಆರಂಭಿಸಿದವರು ಸತ್ತ ಮೇಲೂ ಕೆಲಸ ಕೆಡದಂತೆ ಕೈಯಿಂದ ಕೈಗೆ ದಾಟಬೇಕು.

ಮೊದಲು ಹೇಳಿದ ವಾಯೇಜರ್-1 2023ರ ನವೆಂಬರಿನಿಂದ ಅರ್ಥವಾಗದ ಸಂಕೇತಗಳನ್ನು ಕಳಿಸತೊಡಗಿತು. ಅದರ ಕಂಪ್ಯೂಟರಿನ ನೆನಪಿನ ಒಂದು ಚಿಪ್ ಕೆಟ್ಟಿತ್ತು. ಭೂಮಿಯಿಂದ ಹೋದ ಆದೇಶ ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ದಶಕಗಳ ಹಿಂದೆ ಬೇರೆಯವರು ಬರೆದಿಟ್ಟ ಕಾಗದಗಳನ್ನು ಓದಿ ಓದಿ, ಆ ಚಿಪ್‌ನಲ್ಲಿದ್ದ ಕೋಡನ್ನು ತುಂಡುತುಂಡಾಗಿ ನೆನಪಿನ ಬೇರೆ ಮೂಲೆಗಳಿಗೆ ಸಾಗಿಸಿ, 2024ರ ಏಪ್ರಿಲ್‌ನಲ್ಲಿ ಎಂಜಿನಿಯರುಗಳು ನೌಕೆಯ ಮಾತು ಮತ್ತೆ ಅರ್ಥವಾಗುವಂತೆ ಮಾಡಿದರು. ನೌಕೆ ಹೊರಟು ಆಗ ನಲವತ್ತಾರು ವರ್ಷಗಳಾಗಿದ್ದವು.