ಅರ್ಜಿ ಹಿಡಿದು ನಿಂತ ತಾಯಿ

ನಮಸ್ಕಾರ ಕೇಳುಗರೇ.

ವೇದಿಕೆಯ ಭಾಷಣಗಳಲ್ಲಿ ತಾಯಿಗೆ ಎಲ್ಲಿಲ್ಲದ ಮರ್ಯಾದೆ, ಅಲ್ವಾ? ಅದೇ ತಾಯಿ ಕಂಕುಳಲ್ಲಿ ಕೂಸು ಎತ್ತಿಕೊಂಡು ನ್ಯಾಯ ಕೇಳಲು ಬಂದರೆ ಆ ಮರ್ಯಾದೆ ಎಲ್ಲಿ ಹೋಗುತ್ತದೆ? ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಲ್ಲಿ ನನ್ನನ್ನು ಕಾಡುವುದು ಈ ಪ್ರಶ್ನೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ 'ಹಾರ್ಟ್ ಲ್ಯಾಂಪ್' ಸಂಕಲನದಲ್ಲಿ ಈ ಕಥೆಯೂ ಇದೆ.

ಆಶ್ರಫ್‌ಗೆ ಮೂವರು ಹೆಣ್ಣುಮಕ್ಕಳು. ಗಂಡು ಹುಟ್ಟಲಿಲ್ಲ ಅಂತ ಗಂಡ ಯಾಕೂಬ್ ಬಿಟ್ಟು ಹೋಗಿದ್ದಾನೆ. ಚಿಕ್ಕ ಮಗುವಿಗೆ ಕಾಯಿಲೆ, ಔಷಧಿಗೆ ದುಡ್ಡಿಲ್ಲ. ನ್ಯಾಯ ಕೊಡಿಸಿ ಅಂತ ಅವಳು ಮುತವಲ್ಲಿಗೆ, ಅಂದರೆ ಮಸೀದಿಯ ಆಡಳಿತ ನೋಡಿಕೊಳ್ಳುವವರಿಗೆ, ಅರ್ಜಿ ಕೊಡುತ್ತಾಳೆ. ಅವರು ಇಲ್ಲ ಅನ್ನುವುದಿಲ್ಲ, ಸುಮ್ನೆ ಮುಂದಕ್ಕೆ ಹಾಕುತ್ತಾರೆ. ಕೊನೆಗೆ ಅವಳು ಮಕ್ಕಳ ಜೊತೆ ಮಸೀದಿಯ ಅಂಗಳದಲ್ಲೇ ಬಂದು ಕೂರುತ್ತಾಳೆ. ಆ ಕೂಸು ಉಳಿಯುವುದಿಲ್ಲ.

ಅಧಿಕಾರ ಅಂದರೆ ನಮಗೆ ವಿಧಾನಸೌಧ ನೆನಪಾಗುತ್ತದೆ. ಈ ಕಥೆಯಲ್ಲಿ ಅದು ಒಂದು ಅರ್ಜಿಯನ್ನು ಯಾವಾಗ ಕೈಗೆತ್ತಿಕೊಳ್ಳಬೇಕು ಅಂತ ತೀರ್ಮಾನಿಸುವ ಮನುಷ್ಯನ ಹತ್ತಿರ ಇದೆ. ಅವನು ಕೋಲು ಎತ್ತಬೇಕಾಗಿಲ್ಲ, ತಡ ಮಾಡಿದರೆ ಸಾಕು. ಬಾನು ಅವರು ವಕೀಲರು, ಹಾಸನದ ನಗರಸಭೆಗೆ ಆಯ್ಕೆಯಾಗಿದ್ದವರು. ಅರ್ಜಿಗಳು ಹೇಗೆ ಕೊಳೆಯುತ್ತವೆ ಅನ್ನುವುದನ್ನು ಹತ್ತಿರದಿಂದ ನೋಡಿದವರ ಕೈ ಈ ಕಥೆಯಲ್ಲಿ ಕಾಣುತ್ತದೆ. ಧರ್ಮವೇ ನಿನಗೆ ಹಕ್ಕು ಕೊಟ್ಟಿದೆ ಅಂತ ಆಶ್ರಫ್‌ಗೆ ತಿಳಿಸಿ ಹೇಳುವ ಜುಲೇಖಾ ಬೇಗಂ ಕೂಡ ಅಲ್ಲಿದ್ದಾಳೆ. ಹಕ್ಕು ಇದೆ, ಕೊಡುವವರಿಲ್ಲ.

ಬಂಗಾಳಿಯಲ್ಲಿ ಮಹಾಶ್ವೇತಾ ದೇವಿ 1974ರಲ್ಲಿ ಇನ್ನೊಬ್ಬ ತಾಯಿಯನ್ನು ಬರೆದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸುಜಾತಾ. ಅವಳ ನಕ್ಸಲ್ ಮಗ ಶವಾಗಾರದಲ್ಲಿ 1084ನೇ ನಂಬರಿನ ಹೆಣ. ಮಗನ ಹೆಸರು ಪೇಪರಿನಲ್ಲಿ ಬರಬಾರದು ಅಂತ ಗಂಡ ಓಡಾಡುತ್ತಾನೆ. ಮಗ ಏನನ್ನು ನಂಬಿದ್ದ ಅಂತ ತಿಳಿಯಲು ತಾಯಿ ಹೊರಡುತ್ತಾಳೆ. ಸರ್ಕಾರಕ್ಕೂ ಮನೆಯ ಯಜಮಾನನಿಗೂ ಬೇಕಾದದ್ದು ಒಂದೇ: ಅವಳ ಮೌನ.

ಕರಿ ನಾಗರಗಳಿಗೆ ಮತ್ತೆ ಬರುತ್ತೇನೆ. ಗಿರೀಶ್ ಕಾಸರವಳ್ಳಿ ಇದನ್ನು 2004ರಲ್ಲಿ 'ಹಸೀನಾ' ಸಿನಿಮಾ ಮಾಡಿದರು. ತಾರಾ ಅವರಿಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಜನ ಈ ಕಥೆಯನ್ನು ಒಬ್ಬ ತಾಯಿಯ ದುಃಖ ಅಂತಲೇ ಜಾಸ್ತಿ ನೆನೆಯುತ್ತಾರೆ. ನನಗೆ ಮುತವಲ್ಲಿಯ ಹೆಂಡತಿ ಅಮೀನಾ ಅಷ್ಟೇ ಮುಖ್ಯ. ಮೇಲಿಂದ ಮೇಲೆ ಹೆತ್ತು ಸೋತವಳು. ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂದರೆ ಗಂಡ ಒಪ್ಪುವುದಿಲ್ಲ. ಕೂಸು ಸತ್ತ ಮೇಲೆ ಬೀದಿಯ ಹೆಂಗಸರು ಮುತವಲ್ಲಿಗೆ ಶಾಪ ಹಾಕುತ್ತಾರೆ. ಅಮೀನಾ ಕೂಗಾಡುವುದಿಲ್ಲ. ಆಪರೇಷನ್‌ಗೆ ಅಂತ ಆಸ್ಪತ್ರೆಗೆ ಹೊರಟೇಬಿಡುತ್ತಾಳೆ. ಊರಿಗೆಲ್ಲ ತೀರ್ಪು ಕೊಡುವ ಗಂಡನನ್ನು ಈ ಒಂದು ವಿಷಯದಲ್ಲಿ ಅವಳು ಕೇಳುವುದಿಲ್ಲ.

ನಮಸ್ಕಾರ.