ಆ ಹಕ್ಕಿ ಫೋಟೋ ಪಕ್ಕಕ್ಕಿಡಿ

ನಮಸ್ಕಾರ, ಬನ್ನಿ. ಇವತ್ತು ಲೈಟಿಂಗ್ ಬಗ್ಗೆ ಮಾತಾಡಬೇಕಿತ್ತು. ಆದರೆ ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಚೆನ್ನಾಗಿರೋ ಫೋಟೋ ಎಲ್ಲಾ ತೋರಿಸಿ ಸರ್, ಆರಿಸೋದು ಕ್ಲೈಂಟ್ ಕೆಲಸ." ಲೈಟಿಂಗ್ ಅಲ್ಲಿಗೇ ಆರಿತು.

ಅಲ್ಲ ಸ್ವಾಮಿ, ಕೆಲಸ ಕೇಳಲು ಒಯ್ಯುವ ಪೋರ್ಟ್‌ಫೋಲಿಯೋದಲ್ಲಿ ಯಾವ ಫೋಟೋ ಇರಬೇಕೆಂದು ಆರಿಸುವುದು ನಿಮ್ಮ ಕೆಲಸ.

ನಾನೂ ಈ ತಪ್ಪು ಮಾಡಿದವನೇ. ಒಬ್ಬ ಆರ್ಕಿಟೆಕ್ಟ್ ಹತ್ತಿರ 60 ಫೋಟೋ ಹೊತ್ತುಕೊಂಡು ಹೋಗಿದ್ದೆ. ಕಟ್ಟಡ, ಮದುವೆ, ಸೂರ್ಯಾಸ್ತ, ಮೀನು ಕಚ್ಚಿಕೊಂಡ ಮಿಂಚುಳ್ಳಿ. ಮಿಂಚುಳ್ಳಿ ನೋಡಿ "ಚೆನ್ನಾಗಿದೆ" ಎಂದರು. ನಾನು ಹಿಗ್ಗಿ ಹೀರೇಕಾಯಿ. ಆಮೇಲೆ ಒಂದು ಕಟ್ಟಡದ ಮೇಲೆ ಬೆರಳಿಟ್ಟು, "ಈ ಗೋಡೆ ಯಾಕೆ ಹಿಂದಕ್ಕೆ ವಾಲಿದೆ?" ಎಂದು ಕೇಳಿದರು. ಕ್ಯಾಮೆರಾ ಮೇಲಕ್ಕೆತ್ತಿ ಹೊಡೆದಿದ್ದೆ, ವಾಲದೆ ಇನ್ನೇನು! ಕ್ಯಾಮೆರಾ ಎತ್ತದೆಯೇ ಎತ್ತರದ ಕಟ್ಟಡ ಹಿಡಿಯುವ ಟಿಲ್ಟ್-ಶಿಫ್ಟ್ ಲೆನ್ಸ್‌ನಲ್ಲಿ ಗೆರೆ ನೆಟ್ಟಗೆ ಬಂದಿದ್ದ 8 ಫೋಟೋ ಅದೇ ಕಟ್ಟಿನ ತಳದಲ್ಲಿದ್ದವು. ಅಲ್ಲಿತನಕ ಅವರು ಬರಲೇ ಇಲ್ಲ. ಕೆಲಸ ಹೋಯಿತು, ಹಕ್ಕಿ ಉಳಿಯಿತು.

ಒಬ್ಬೊಬ್ಬ ಕ್ಲೈಂಟ್ ನೋಡುವುದು ಒಂದೊಂದು. ಬಾಟಲಿ ಮಾರುವವರು ಏನು ನೋಡುತ್ತಾರೆ? ಗಾಜಿನ ಅಂಚಿನ ಬೆಳಕಿನ ಗೆರೆ ಎಲ್ಲೂ ತುಂಡಾಗಿಲ್ಲ ತಾನೇ? ಲೇಬಲ್ ಮೇಲೆ ಹೊಳಪು ಕೂತು ಅಕ್ಷರ ನುಂಗಿಲ್ಲ ತಾನೇ? ಹತ್ತು ಬಾಟಲಿಯ ಹಿಂದೆಯೂ ಒಂದೇ ಬಿಳಿ ಇದೆಯಾ? ಜಾಹೀರಾತಿನವರು ಹುಡುಕುವುದು ಖಾಲಿ ಜಾಗ, ತಮ್ಮ ಅಕ್ಷರ ಕೂರಿಸಲು. ಮದುವೆಯವರಿಗೆ ಕಣ್ಣೊರೆಸಿಕೊಳ್ಳುವ ಅಪ್ಪ ಬೇಕು. ಸ್ವಲ್ಪ ಗ್ರೇನ್, ಅಂದರೆ ಮರಳು ಚೆಲ್ಲಿದಂಥ ಚುಕ್ಕೆ, ಬಂದಿದ್ದರೂ ನಡೆಯುತ್ತದೆ. ಅದೇ ಗ್ರೇನ್ ಬಾಟಲಿಯವರಿಗೆ ತೋರಿಸಿ ನೋಡೋಣ!

ಆರಿಸಿ. ಮನೆಯಲ್ಲೇ ಆರಿಸಿ.

"ವೈವಿಧ್ಯ ಕಾಣಬೇಕಲ್ವಾ ಸರ್?" ಹಲ್ಲುನೋವು ಅಂತ ಹೋದರೆ ಡಾಕ್ಟರ್ ಸುಮ್ನೆ ಮೊಣಕಾಲು ಆಪರೇಷನ್ ಆಲ್ಬಮ್ ತೆಗೆದು ಕೂರುತ್ತಾರಾ?

ಫೋಟೋಗ್ರಾಫರ್ ರಾಬರ್ಟ್ ಫ್ರಾಂಕ್ 1955-56ರಲ್ಲಿ ಅಮೆರಿಕ ಸುತ್ತಿ 27 ಸಾವಿರಕ್ಕೂ ಹೆಚ್ಚು ಫ್ರೇಮ್ ತೆಗೆದರು. ಅವರ 'ದಿ ಅಮೆರಿಕನ್ಸ್' ಪುಸ್ತಕಕ್ಕೆ ಹೋದದ್ದು 83. ನೀವು 60ರಲ್ಲಿ 15 ಆರಿಸಲು ಅಳುತ್ತೀರಿ. "ಅದನ್ನು ತೆಗೆಯಲು ಬೆಳಗಿನ ಜಾವ ನಾಲ್ಕಕ್ಕೆ ಎದ್ದಿದ್ದೆ ಸರ್!" ಎದ್ದಿರಬಹುದು. ಕ್ಲೈಂಟ್ ಎದ್ದಿರಲಿಲ್ಲವಲ್ಲ.

ಅಂದಹಾಗೆ ನನ್ನ ಪೋರ್ಟ್‌ಫೋಲಿಯೋ ಕೋರ್ಸ್ ಲಿಂಕ್ ಕೆಳಗಿದೆ. ಅರ್ಧ ಪಾಠ ಡಿಲೀಟ್ ಬಟನ್ ಬಗ್ಗೆಯೇ. ಸಬ್‌ಸ್ಕ್ರೈಬ್ ಆಗದೆ ನೋಡುತ್ತಿರುವವರೇ, ನೀವೂ ಜಾಸ್ತಿ ಆರಿಸುತ್ತಿದ್ದೀರಿ, ಅದು ಬೇರೆ ಕಥೆ.

ಎಲ್ಲಾ ತೋರಿಸಬೇಡಿ. ಯಾಕೆ? ಹೇಳಿದೆನಲ್ಲ! ಇನ್ನೂ ಯಾಕೆ? ಬೇಡ ಅಂದರೆ ಬೇಡ, ಅಷ್ಟೇ.

ಮಿಂಚುಳ್ಳಿ ನೋಡಬೇಕೆನ್ನುವವರು ಕಾಮೆಂಟ್ ಹಾಕಿ. ಮುಂದಿನ ವಿಡಿಯೋ ಥಂಬ್‌ನೇಲ್‌ಗೆ ಅದನ್ನೇ ಹಾಕುತ್ತೇನೆ.