ಮೊದಲು ಉಳಿಸೋಣ, ಆಮೇಲೆ ನೆಡೋಣ

ನಮಸ್ಕಾರ. 1983ರಲ್ಲಿ ನಮ್ಮ ರಾಜ್ಯದಲ್ಲಿ ತಿಂಗಳೊಪ್ಪತ್ತಿನ ಅಂತರದಲ್ಲಿ ಎರಡು ಘಟನೆ ನಡೆದವು. ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ಕೆಲವು ಹಳ್ಳಿಗಳ ರೈತರು ಗುಂಪಾಗಿ ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ, ಅಲ್ಲಿದ್ದ ಸಸಿಗಳನ್ನು ಕಿತ್ತು ಹಾಕಿದರು. ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕೊಡಲಿಗೆ ಅಡ್ಡ ನಿಂತು ಮರಗಳನ್ನು ಅಪ್ಪಿಕೊಂಡರು. ಅಲ್ಲಿ ಕಿತ್ತರು, ಇಲ್ಲಿ ಅಪ್ಪಿದರು. ಇಬ್ಬರೂ ಹೋರಾಡಿದ್ದು ಮರಕ್ಕಾಗಿಯೇ. ಮರ ಉಳಿಸುವ ಅಭಿಯಾನದ ಬಗ್ಗೆ ಮಾತಾಡುವವರು ಈ ಎರಡನ್ನೂ ಒಟ್ಟಿಗೇ ನೆನಪಿಟ್ಟುಕೊಳ್ಳಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ತುಮಕೂರಿನವರು ಕಿತ್ತದ್ದು ನೀಲಗಿರಿ ಸಸಿಗಳನ್ನು. ಆಗ ಕಾಡಿನ ಹೊರಗೆ, ಊರಿನ ಜಮೀನುಗಳಲ್ಲಿ ಮರ ಬೆಳೆಸುವ ಸಾಮಾಜಿಕ ಅರಣ್ಯ ಯೋಜನೆ ಜೋರಾಗಿ ನಡೆಯುತ್ತಿತ್ತು. ನೀಲಗಿರಿ ಬೇಗ ಬೆಳೆಯುತ್ತದೆ, ಕಾರ್ಖಾನೆಗೆ ಬೇಕಾಗುತ್ತದೆ, ಹಾಗಾಗಿ ಬಯಲುಸೀಮೆಯ ಹೊಲಗಳಲ್ಲೆಲ್ಲ ಅದೇ ತುಂಬಿಕೊಂಡಿತು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ರಾಗಿಯೂ ಇಲ್ಲ, ಹುಲ್ಲೂ ಇಲ್ಲ. ಆ ಮರದ ಸೊಪ್ಪನ್ನು ಆಡು ಕೂಡ ಮುಟ್ಟುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಹಸಿರು ಜಾಸ್ತಿಯಾಗಿತ್ತು. ಆ ರೈತರು ಸಸಿ ಕಿತ್ತು ಸುಮ್ನೆ ಮನೆಗೆ ಹೋಗಲಿಲ್ಲ. ಕಿತ್ತ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ತಮಗೆ ಎಂಥ ಮರ ಬೇಕು ಅನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವೇ? ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರ ಆದೇಶ ಹೊರಡಿಸಿದ್ದು 2017ರಲ್ಲಿ. ರೈತರು ಹೇಳಿ 34 ವರ್ಷ ಆಗಿತ್ತು.

ಇನ್ನು ಸಾಲ್ಕಣಿ. ಉತ್ತರ ಕನ್ನಡದ ಅಡಿಕೆ ತೋಟಕ್ಕೂ ಪಕ್ಕದ ಕಾಡಿಗೂ ಇರುವ ನಂಟು ಗೊತ್ತಿದ್ದವರಿಗೆ ಅಲ್ಲಿನ ಸಿಟ್ಟು ಅರ್ಥವಾಗುತ್ತದೆ. ತೋಟಕ್ಕೆ ಹಾಕುವ ಸೊಪ್ಪು ಬರುವುದು ಬೆಟ್ಟದಿಂದ. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುವುದು ಅಲ್ಲಿಂದಲೇ. ಬೇಸಿಗೆಯಲ್ಲಿ ತೋಟಕ್ಕೆ ಇಳಿದು ಬರುವ ನೀರಿನ ಮೂಲವೂ ಮೇಲಿನ ಕಾಡು. ಆ ಕಾಡನ್ನು ಪ್ಲೈವುಡ್ಡಿಗೆ, ಕಾಗದಕ್ಕೆ ಅಂತ ವರ್ಷಗಟ್ಟಲೆ ಕಡಿದರು. ಎಷ್ಟೋ ಕಡೆ ಸಹಜ ಕಾಡನ್ನು ಬೋಳಿಸಿ ಸಾಗವಾನಿ ಹಾಕಿದರು. ಕಾಗದದ ಮೇಲೆ ಅದೂ ಕಾಡೇ. ಆದರೆ ಬತ್ತಿದ ಒರತೆಗೆ ಕಾಗದದ ಲೆಕ್ಕ ಗೊತ್ತಾಗುವುದಿಲ್ಲ.

ಪರಿಸರ ಹೋರಾಟಗಾರ ಸುಂದರಲಾಲ್ ಬಹುಗುಣ ಅವರು ಬಂದು, ಹಿಮಾಲಯದಲ್ಲಿ ಜನ ಮರ ಅಪ್ಪಿಕೊಂಡು ಉಳಿಸಿದ ಚಿಪ್ಕೊ ಚಳವಳಿಯ ಕಥೆ ಹೇಳಿ ಹೋಗಿದ್ದರು. ಪಾಂಡುರಂಗ ಹೆಗಡೆ ಅವರಂಥವರು ಊರೂರು ತಿರುಗಿ ಜನರನ್ನು ಸೇರಿಸಿದರು. ಸಾಲ್ಕಣಿಯವರು ನಡೆದೇ ಕಾಡಿಗೆ ಹೋದರು. ಹೆಂಗಸರು, ಹುಡುಗರು, ಎಲ್ಲರೂ. 38 ದಿನ ಬಿಡದೆ ಕಾದರು. ಕಡಿತ ನಿಂತಿತು. ಅದೇ ಅಪ್ಪಿಕೋ ಚಳವಳಿ. ಅವರ ಘೋಷಣೆ ಇದು: ಉಳಿಸು, ಬೆಳೆಸು, ಬಳಸು.

ಈ ಕ್ರಮವನ್ನು ದಯವಿಟ್ಟು ಗಮನಿಸಿ. ಮೊದಲು ಉಳಿಸು. ನಮ್ಮ ಈಗಿನ ಅಭಿಯಾನಗಳು ಆ ಮೊದಲ ಮೆಟ್ಟಿಲನ್ನೇ ಬಿಟ್ಟು ನೇರವಾಗಿ ಎರಡನೆಯದಕ್ಕೆ ಹಾರುತ್ತವೆ. ಜೂನ್ 5ರ ಪರಿಸರ ದಿನ ಬಂತು, ಗುಂಡಿ ತೋಡಿದರು, ಸಸಿ ಇಟ್ಟರು, ಫೋಟೊ ಆಯಿತು. ಅದೇ ವಾರ ಪಕ್ಕದ ರಸ್ತೆಯಲ್ಲಿ ದೊಡ್ಡ ಮರಗಳನ್ನು ಉರುಳಿಸುತ್ತಾರೆ. ಕೇಳಿದರೆ ಬರುವ ಉತ್ತರ ಒಂದೇ: 'ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ.'

ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಅರವತ್ತು ವರ್ಷದ ಮರದ ನೆರಳು ಹತ್ತು ಸಸಿಗಳಿಗೆ ಇರುವುದಿಲ್ಲ. ದಾಂಡೇಲಿ ಕಡೆಯ ಮಂಗಟ್ಟೆ ಹಕ್ಕಿಯನ್ನೇ ನೋಡಿ. ಅದು ಗೂಡು ಮಾಡುವುದು ದೊಡ್ಡ, ಹಳೆಯ ಮರದ ಪೊಟರೆಯಲ್ಲಿ. ಹತ್ತಲ್ಲ, ಸಾವಿರ ಸಸಿ ನೆಟ್ಟರೂ ಈ ವರ್ಷ ಮೊಟ್ಟೆ ಇಡಲು ಅದಕ್ಕೊಂದು ಪೊಟರೆ ಸಿಗುವುದಿಲ್ಲ. ಜೊತೆಗೆ ಆ ಹತ್ತು ಸಸಿಗಳನ್ನು ಎಲ್ಲಿ ನೆಟ್ಟರು, ಎರಡು ಬೇಸಿಗೆ ಕಳೆದ ಮೇಲೆ ಎಷ್ಟು ಬದುಕಿವೆ ಅಂತ ಯಾರಾದರೂ ಬಂದು ನಮಗೆ ತೋರಿಸುತ್ತಾರಾ?

ನೆಡಬೇಡಿ ಅಂತ ಹೇಳುತ್ತಿಲ್ಲ. ನೆಡುವುದಾದರೆ ಸಾಲುಮರದ ತಿಮ್ಮಕ್ಕ ಅವರ ಹಾಗೆ ನೆಡೋಣ. ಮಾಗಡಿ ತಾಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯ ಆಲದ ಮರಗಳ ಬಗ್ಗೆ ನೀವು ಕೇಳಿಯೇ ಇರುತ್ತೀರಿ. ನನಗೆ ತುಂಬಾ ಮುಖ್ಯ ಅನಿಸುವುದು ಅವರು ಶುರು ಮಾಡಿದ ರೀತಿ. ತಿಮ್ಮಕ್ಕ ಮತ್ತು ಅವರ ಯಜಮಾನರು ಚಿಕ್ಕಯ್ಯ ಮೊದಲ ವರ್ಷ ನೆಟ್ಟದ್ದು ಹತ್ತೇ ಗಿಡ. ಮರುವರ್ಷ ಹದಿನೈದು. ಅದರ ಮುಂದಿನ ವರ್ಷ ಇಪ್ಪತ್ತು. ತಮ್ಮ ಕೈಲಿ ಸಾಕುವುದಕ್ಕೆ ಆಗುವಷ್ಟು ಮಾತ್ರ. ಮಳೆಗಾಲ ನೋಡಿ ನೆಡುತ್ತಿದ್ದರು. ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟುತ್ತಿದ್ದರು. ಬಿಂದಿಗೆಯಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದರು. ಕೂಲಿ ಮಾಡಿ ಬದುಕುತ್ತಿದ್ದ ಇಬ್ಬರು ಮಾಡಿದ ಕೆಲಸ ಇದು. ಒಂದೇ ದಿನಕ್ಕೆ ಲಕ್ಷ ಸಸಿ ಅನ್ನುವ ದಾಖಲೆ ಕಾರ್ಯಕ್ರಮಗಳಲ್ಲಿ ಈ ಬೇಲಿ ಮತ್ತು ಬಿಂದಿಗೆಯ ಲೆಕ್ಕ ಎಲ್ಲಿದೆ?

ಅದೇ ಸಾಲುಮರಗಳಿಗೂ 2019ರಲ್ಲಿ ರಸ್ತೆ ಅಗಲೀಕರಣದ ಕುತ್ತು ಬಂತು. ಅದೇ ವರ್ಷ ಅವರಿಗೆ ಪದ್ಮಶ್ರೀ ಕೊಟ್ಟಿದ್ದರು. ತನ್ನ ಮರ ಕಡಿಯಬೇಡಿ ಅಂತ ಆ ಹಿರಿಯ ಜೀವ ಸರ್ಕಾರವನ್ನು ಬೇಡಿಕೊಳ್ಳಬೇಕಾಯಿತು. ಬೇರೆ ದಾರಿ ನೋಡುತ್ತೇವೆ ಅಂತ ಆಮೇಲೆ ಹೇಳಿದರು. ಇಡೀ ನಾಡು ಕೈಮುಗಿದ ಮರಗಳಿಗೇ ಈ ಗತಿಯಾದರೆ, ಹೆಸರಿಲ್ಲದ ನಿಮ್ಮ ಬೀದಿಯ ಹೊಂಗೆ ಮರದ ಪರ ಮಾತಾಡುವವರು ಯಾರು?

ನಾವೇ ಮಾತಾಡಬೇಕು. ಮಾತಾಡಿದರೆ ಫಲ ಸಿಕ್ಕಿದ್ದೂ ಇದೆ. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರ ಕಡಿಯುವ ಯೋಜನೆ ಇತ್ತು. 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಬೀದಿಗೆ ಇಳಿಯುವುದರ ಜೊತೆಗೆ ಕಾನೂನೂ ನಮ್ಮ ಕೈಲಿದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದದ್ದು 1976ರಲ್ಲಿ. ಕೆಲವು ಜಾತಿಗಳನ್ನು ಬಿಟ್ಟರೆ, ನಿಮ್ಮ ಸ್ವಂತ ಸೈಟಿನ ಮರ ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಜನರಿಂದ ಆಕ್ಷೇಪಣೆ ಕೇಳಲೇಬೇಕು. ಆ ನೋಟಿಸನ್ನು ಎಷ್ಟು ಜನ ಓದುತ್ತೇವೆ ಹೇಳಿ. ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ, ಕೆಲವೇ ದಿನಗಳ ಗಡುವು ಇರುತ್ತದೆ, ಮುಗಿದು ಹೋಗುತ್ತದೆ. ನನ್ನ ಪ್ರಕಾರ ಪ್ರತಿ ಬಡಾವಣೆಯ ನಿವಾಸಿಗಳ ಸಂಘದಲ್ಲೂ ಈ ನೋಟಿಸ್‌ಗಳ ಮೇಲೆ ಕಣ್ಣಿಡುವುದಕ್ಕೇ ಒಬ್ಬರು ಇರಬೇಕು.

ಆಕ್ಷೇಪಣೆ ಬರೆಯುವಾಗ 'ಮರ ಉಳಿಸಿ' ಅಂತ ಒಂದು ಸಾಲು ಬರೆದರೆ ಸಾಲದು. ಒಮ್ಮೆ ಆ ರಸ್ತೆಯಲ್ಲಿ ನಡೆಯಿರಿ. ಎಷ್ಟು ಮರ, ಯಾವ ಜಾತಿ, ಸುತ್ತಳತೆ ಎಷ್ಟು ಅಂತ ಬರೆದುಕೊಳ್ಳಿ, ಫೋಟೊ ತೆಗೆಯಿರಿ. ರಸ್ತೆಯನ್ನು ಸ್ವಲ್ಪ ಸರಿಸಿದರೆ, ಚರಂಡಿಯನ್ನು ಆಚೆ ಬದಿಗೆ ಹಾಕಿದರೆ ಯಾವ ಯಾವ ಮರ ಉಳಿಯುತ್ತವೆ ಅಂತ ಹೆಸರು ಹಿಡಿದು ಬರೆಯಿರಿ. ಹಿಂದಿನ ಸಲ ಕಡಿದಾಗ ನೆಡುತ್ತೇವೆ ಅಂದಿದ್ದ ಸಸಿಗಳು ಎಲ್ಲಿವೆ, ಎಷ್ಟು ಬದುಕಿವೆ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಉತ್ತರ ಬಂದರೆ ಅದನ್ನೂ ಆಕ್ಷೇಪಣೆಗೆ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ.